ಹೆಸರು ಹಿಡಿದು ಕೂಗಿದ ಮೂವರು

ಅಟ್ಟದ ಸಾಮಾನು ಇಳಿಸಿದ ದಿನ ಮನೆಯಲ್ಲಿದ್ದವರು ನಾನು, ನನ್ನ ನಾದಿನಿ ಸವಿತ, ಮತ್ತು ಇಲಿ ಕಂಡರೆ ದಾರಿ ಬಿಟ್ಟು ಕೂರುವ ನಮ್ಮ ಬೆಕ್ಕು. ಯಲಿಯೂರಿನ ಮನೆಗೆ ಸುಣ್ಣ ಬಳಿಸಿ ಬಹಳ ಕಾಲವಾಗಿತ್ತು. ಧೂಳು ತನಗೆ ಆಗದು ಎಂದು ನನ್ನ ಗಂಡ ಬೆಳಗ್ಗೆಯೇ ಕೃಷಿ ಸಂಶೋಧನೆಯ ವಿ.ಸಿ. ಫಾರಂಗೆ ಕೆಲಸಕ್ಕೆ ಹೊರಟುಬಿಟ್ಟಿದ್ದರು. ಭಾನುವಾರ ಫಾರಂನಲ್ಲಿ ಏನು ಕೆಲಸವೆಂದು ನಾನೂ ಕೇಳಲಿಲ್ಲ. ಕೇಳಿದರೆ ಏನಾದರೊಂದು ಭತ್ತದ ತಳಿಯ ಹೆಸರು ಹೇಳುತ್ತಾರೆ, ನನಗೆ ಅರ್ಥವಾಗುವುದಿಲ್ಲ.

ತಗಡಿನ ಟ್ರಂಕೊಂದರ ತಳದಲ್ಲಿ ಸವಿತಳ ಕೈಗೆ ಏನೋ ಸಿಕ್ಕಿತು. ಕಿರುಚಿದಳು.

“ಇದೇನತ್ಗೆ, ಸತ್ತ ಎಗ್ಣನಾ?”

“ಅಲ್ಲ ಕಣೆ, ನಮ್ಮಜ್ಜಿ ತಲೆಕೂದಲು” ಎಂದೆ. ಅವಳು ಕೈಬಿಟ್ಟ ರಭಸಕ್ಕೆ ಬೆಕ್ಕು ಮೂರು ಮಾರು ಹಾರಿತು.

ನಿಜವಾಗಿ ಅದು ಗೋಣಿನಾರು ಬಿಡಿಸಿ ಮಾಡಿದ ಕೆದರುಗೂದಲು. ಬಿಳಿ ಮಾಡಲು ಬಳಿದಿದ್ದ ಸುಣ್ಣ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ನನ್ನ ಅಜ್ಜಿ ನಿಂಗಮ್ಮ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ನಾಟಕದಲ್ಲಿ ಪಾರ್ಟು ಮಾಡಿದಳು; ಅದು ದೆವ್ವದ ಪಾರ್ಟು. ಆ ದಿನ ತಲೆಗೆ ಇಟ್ಟುಕೊಂಡಿದ್ದು ಇದನ್ನೇ. ಸವಿತ ಗುಡಿಸುವುದು ಬಿಟ್ಟು ಮೆಟ್ಟಿಲ ಮೇಲೆ ಕುಳಿತಳು. ನಾನೂ ಕುಳಿತೆ. ಆ ದಿನ ಸುಣ್ಣದ ಕೆಲಸ ಅಷ್ಟಕ್ಕೇ ನಿಂತಿತು.

ನನ್ನ ತವರು ಆತಗೂರಿನ ಕಡೆ. ಊರಿನ ಹೆಸರು ಹೇಳುವುದಿಲ್ಲ. ಈ ಕಥೆಯ ಇಬ್ಬರು ಅಣ್ಣತಮ್ಮಂದಿರು ಇನ್ನೂ ಅಲ್ಲೇ, ಒಂದೇ ಗೋಡೆಯ ಆಚೆ ಈಚೆ ಇದ್ದಾರೆ.

ನಮ್ಮ ಸೀಮೆಯಲ್ಲಿ ಕಬ್ಬು ಕಡಿದು ಕೈ ಬಿಡುವಾದರೆ ಗಂಡಸರಿಗೆ ನಾಟಕದ ನೆನಪಾಗುತ್ತದೆ. ಮದ್ದೂರಿನಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಕಲಿಸುತ್ತಾರೆ, ಬೈಯುತ್ತಾರೆ. ಸಾಮಾನ್ಯವಾಗಿ ಪುರಾಣದ ಕಥೆ. ಗದೆ, ಕಿರೀಟ, ಶಪಥ. ಆದರೆ ಆ ವರ್ಷ ಬಂದ ಮೇಷ್ಟ್ರು ಬೇರೆ ಥರದವರು. ಅವರು ಕಾಲೇಜಿನಲ್ಲಿ ಓದುವಾಗ ಕಡಲಾಚೆಯ ಹಳೆಯ ದುರಂತ ನಾಟಕವೊಂದನ್ನು ಪಾಠವಾಗಿ ಕೇಳಿದ್ದರಂತೆ. ಪರೀಕ್ಷೆಯಲ್ಲಿ ಆ ಪತ್ರಿಕೆಯಲ್ಲೇ ನಪಾಸಾದರೂ ಕಥೆ ಮಾತ್ರ ಹೊಟ್ಟೆಯೊಳಗೆ ಉಳಿದುಬಿಟ್ಟಿತ್ತು. ಅದನ್ನು ಪಾಳೇಗಾರರ ಕಾಲಕ್ಕೆ ತಂದು, ಕಂದ ಪದ್ಯ ಸೇರಿಸಿ, ನಾಟಕ ಬರೆದಿದ್ದರು.

ಕಥೆ ಇಷ್ಟು. ದೊರೆಯ ನಂಬುಗೆಯ ದಳವಾಯಿ ಭೈರನಾಯಕ ಯುದ್ಧ ಗೆದ್ದು ಬರುತ್ತಿರುತ್ತಾನೆ. ದಾರಿಯಲ್ಲಿ ಮೂವರು ದೆವ್ವದಂಥ ಮುದುಕಿಯರು ಅಡ್ಡ ಬಂದು, ‘ನೀನು ದೊರೆಯಾಗುತ್ತೀಯ’ ಎನ್ನುತ್ತಾರೆ. ಅಷ್ಟೇ ಹೇಳಿ ಮರೆಯಾಗುತ್ತಾರೆ. ಅವನ ಕೈಗೆ ಕತ್ತಿ ಕೊಡುವುದಿಲ್ಲ, ಇಂಥವನನ್ನು ಕೊಲ್ಲು ಎನ್ನುವುದಿಲ್ಲ. ಮಿಕ್ಕಿದ್ದೆಲ್ಲ ಅವನದೇ. ಹೆಂಡತಿಯ ಮಾತಿಗೆ ಕಿವಿಗೊಟ್ಟು, ತನ್ನನ್ನು ಮಗನಂತೆ ಕಂಡ ದೊರೆಯನ್ನೇ ಕೊಂದು ಗದ್ದುಗೆ ಏರಿ, ಏರಿದ ದಿನದಿಂದ ಬೇಯತೊಡಗುತ್ತಾನೆ.

ಭೈರನಾಯಕನ ಪಾರ್ಟು ಪುಟ್ಟಸ್ವಾಮಿಗೆ ಹೋಯಿತು. ಬೇರೆ ಯಾರಿಗೂ ಅಂಥ ಎತ್ತರವಿರಲಿಲ್ಲ, ಅಂಥ ಗಂಟಲೂ ಇರಲಿಲ್ಲ. ಪುಟ್ಟಸ್ವಾಮಿ ನನಗಿಂತ ಸ್ವಲ್ಪ ದೊಡ್ಡವನು, ನಮ್ಮ ಬೀದಿಯವನೇ. ಅವನ ತಾಯಿತಂದೆ ಅವನು ಅಂಬೆಗಾಲಿಡುವಾಗಲೇ ತೀರಿಹೋಗಿದ್ದರು. ಸಾಕಿದವನು ಅಣ್ಣ ಲಿಂಗಪ್ಪ. ಲಿಂಗಪ್ಪನನ್ನು ಮದುವೆಯಾಗಿ ಬಂದ ಕೆಂಪಮ್ಮ ಹಸೆಯಿಂದ ಎದ್ದ ದಿನವೇ ಈ ಮೈದುನನನ್ನು ಕಂಕುಳಿಗೆ ಎತ್ತಿಕೊಂಡಳೆಂದು ಅಜ್ಜಿ ಹೇಳುತ್ತಿದ್ದಳು. “ಅರಿಸ್ಣದ್ ಸೀರೆಗೆ ಉಚ್ಚೆ ಉಯ್ದ ಕಣ್ ಮಗ, ಅವಳು ಸೀರೆನೂ ಕೊಡವಲಿಲ್ಲ.”

ಲಿಂಗಪ್ಪ ನಮ್ಮೂರ ಹಾಲಿನ ಡೈರಿಯ ಅಧ್ಯಕ್ಷ. ಡೈರಿ ಶುರುವಾದ ಸ್ವಲ್ಪ ಕಾಲದಿಂದ ಅವನೇ. ಎದುರು ನಿಂತವರಿಲ್ಲ. ಡೈರಿ ಅಧ್ಯಕ್ಷನೆಂದರೆ ಪಟ್ಟಣದವರಿಗೆ ನಗು ಬರಬಹುದು. ನಮ್ಮಲ್ಲಿ ಹಾಗಲ್ಲ. ಬೆಳಗ್ಗೆ ಸಂಜೆ ಇಡೀ ಊರು ಕ್ಯಾನು ಹಿಡಿದು ಬಂದು ನಿಲ್ಲುವ ಜಾಗ ಅದೊಂದೇ. ಅಲ್ಲಿ ಒಳಗೆ ಒಂದು ಕುರ್ಚಿ ಇರುತ್ತದೆ, ಅದರಲ್ಲಿ ಒಬ್ಬ ಕುಳಿತಿರುತ್ತಾನೆ, ಉಳಿದವರೆಲ್ಲ ನಿಂತಿರುತ್ತಾರೆ.

ಚಿಕ್ಕವಳಿದ್ದಾಗ ನಾನು ಹಾಲು ಹಾಕಲು ಹೋಗುತ್ತಿದ್ದೆ. ಹಾಲಿನ ಹುಳಿವಾಸನೆ, ಒದ್ದೆ ಸಿಮೆಂಟು, ಹಾಲು ಸುರಿಯುವಾಗ ಡ್ರಮ್ಮಿನ ಸದ್ದು ತೆಳ್ಳಗಿದ್ದುದು ದಪ್ಪವಾಗುತ್ತ ಹೋಗುವುದು, ಇವೆಲ್ಲ ಈಗಲೂ ಮೂಗಿನಲ್ಲಿ ಕಿವಿಯಲ್ಲಿ ಇವೆ. ಒಂದು ದಿನ ಬೇಗ ಹೋದೆ. ಯಾರೂ ಇರಲಿಲ್ಲ. ಪುಟ್ಟಸ್ವಾಮಿ ಅಣ್ಣನ ಕುರ್ಚಿಯಲ್ಲಿ ಕುಳಿತಿದ್ದ. ಸುಮ್ಮನೆ ಕುಳಿತಿರಲಿಲ್ಲ, ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲೆ ಚಾಚಿ, ಕಣ್ಣು ಮುಚ್ಚಿಕೊಂಡು ಕುಳಿತಿದ್ದ. ನನ್ನನ್ನು ಕಂಡು ಎದ್ದು ಹೆಗಲ ಟವಲಿನಿಂದ ಸೀಟು ಒರೆಸತೊಡಗಿದ.

“ಧೂಳಿತ್ತು ಕಣೆ” ಎಂದ.

ನಾನು ಕೇಳಿಯೇ ಇರಲಿಲ್ಲ.

ನಾಟಕಕ್ಕೆ ಹೆಣ್ಣು ಪಾರ್ಟಿಗೆ ಮಂಡ್ಯದಿಂದ ನಟಿಯರು ಬರುತ್ತಾರೆ. ಆ ಮೂವರು ಮುದುಕಿಯರ ಪಾರ್ಟು ಮಾತ್ರ ಅವರಿಗೆ ಬೇಡವಾಯಿತು. ಒಂದು ಊರಿನಲ್ಲಿ ಮುದುಕಿಯಾದರೆ ಮುಂದಿನ ಊರಿನಲ್ಲಿ ರಾಣಿ ಪಾರ್ಟು ಕೊಡುವುದಿಲ್ಲವಂತೆ. ಮೇಷ್ಟ್ರು ತಲೆ ಕೆರೆದುಕೊಂಡು, ಕೊನೆಗೆ ಊರಿನಲ್ಲಿ ಸೋಬಾನೆ ಹಾಡುವ ಮೂವರನ್ನೇ ಕೇಳಿದರು. ನಮ್ಮಜ್ಜಿ, ಮೇಗಲ ಬೀದಿಯ ಸಣ್ಣಮ್ಮ, ಮತ್ತೆ ಚಿಕ್ಕತಾಯಮ್ಮ. ಇವರು ಮೂವರೂ ಹಸೆಯ ಮುಂದೆ ನಿಂತು ಹಾಡದೆ ಊರಿನಲ್ಲಿ ಒಂದು ಮದುವೆ ಆದದ್ದಿಲ್ಲ. ನನಗೆ ಬಂದಿರುವ ಕನ್ನಡವೆಲ್ಲ ಇವರ ಮಡಿಲಲ್ಲಿ ಸಿಕ್ಕಿದ್ದು. ಶಾಲೆಯಲ್ಲಿ ಕಲಿತದ್ದು ಒತ್ತು ದೀರ್ಘ ಅಷ್ಟೇ.

ಬೇಸಿಗೆ ರಜೆಗೆ ತವರಿಗೆ ಹೋಗಿದ್ದ ನನ್ನನ್ನು ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸಕ್ಕೆ ಹಿಡಿದರು. ಹಾಗಾಗಿ ಅಭ್ಯಾಸವನ್ನೆಲ್ಲ ನಾನು ಕಂಡೆ. ಆ ಮೂವರು ಮೇಷ್ಟ್ರನ್ನು ಪಡಿಸಿದ ಪಾಡು ಅಷ್ಟಿಷ್ಟಲ್ಲ.

“ಈ ಮೂರ್ ಜನ ಯಾರಪ್ಪ? ಯಾವೂರೋರು?” ಅಜ್ಜಿಯ ಮೊದಲ ಪ್ರಶ್ನೆ.

“ಊರಿಲ್ಲಮ್ಮ, ದೆವ್ವಗಳು.”

“ದಯ್ಯ ಅಂದ್ರೆ ಗಾಳಿಯಾ, ಮಾರಿಯಾ? ಮುತ್ತೈದೇರಾ, ಗಂಡ ಸತ್ತೋರಾ? ಯೋಳ್ದೆ ಇದ್ರೆ ಕುಂಕುಮ ಇಡಬೇಕಾ ಬ್ಯಾಡ್ವಾ ಅಂತ ಯಂಗೆ ಗೊತ್ತಾಯ್ತದೆ?”

ಮೇಷ್ಟ್ರು ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಒಂದು ಅಂಕದಲ್ಲಿ ಮೂವರೂ ಒಲೆಯ ಮೇಲೆ ಹಂಡೆ ಇಟ್ಟು, ಕಪ್ಪೆ ಹಾವು ಹಲ್ಲಿ ಬೇಯಿಸಬೇಕಿತ್ತು. ಸಣ್ಣಮ್ಮ ಎದ್ದೇ ಹೊರಟಳು. “ಥೂ, ಉಣ್ಣೋ ಮಡಕೇಲಿ ಕಪ್ಪೆ ಬೇಯಿಸ್ತಾರೇನ್ಲಾ! ಬೇಕಾದ್ರೆ ಬಸ್ಸಾರಿಗೆ ಇಡ್ತೀನಿ.” ಕೊನೆಗೆ ಬಸ್ಸಾರೇ ಆಯಿತು. ಅಭ್ಯಾಸದ ದಿನಗಳಲ್ಲಿ ದೆವ್ವಗಳ ಹಂಡೆಯಿಂದ ಹೊಮ್ಮುತ್ತಿದ್ದ ಒಗ್ಗರಣೆಯ ಘಮಕ್ಕೆ ಸೈನಿಕರೆಲ್ಲ ಯುದ್ಧ ಬಿಟ್ಟು ಬರುತ್ತಿದ್ದರು.

ಆದರೆ ಅಜ್ಜಿಯನ್ನು ಕಾಡಿದ ಪ್ರಶ್ನೆ ಬೇರೆ. ಒಂದು ದಿನ ಎಲ್ಲರೂ ಹೋದ ಮೇಲೆ ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿದಳು.

“ಇವನ್ನ ದೊರೆ ಮಾಡಿ ನಮ್ಗೇನ್ ಬಂದದಪ್ಪ? ನಾವೇನ್ ಅವನ ಬಳಗವಾ? ಕೇಳಲಿಲ್ಲ, ಕರೀಲಿಲ್ಲ. ದಾರಿಗ್ ಅಡ್ಡ ಬಂದು ನಾವ್ಯಾಕೆ ಯೋಳ್ಬೇಕು?”

ಮೇಷ್ಟ್ರು ಹಾರ್ಮೋನಿಯಂನ ಒಂದೇ ಸ್ವರದ ಮನೆ ಒತ್ತುತ್ತ ಕುಳಿತರು. “ಅದೇ ನಂಗೂ ಗೊತ್ತಾಗಲಿಲ್ಲಮ್ಮ. ಪರೀಕ್ಷೇಲೂ ಅದೇ ಪ್ರಶ್ನೆ ಬಂದಿತ್ತು” ಎಂದರು.

ಅವರಿಗೆ ತಿಳಿಯದ್ದು ನನಗೆ ತಿಳಿದಿದೆ ಎಂದು ಹೇಳಲಾರೆ. ಆದರೆ ಆಗ ನೆನಪಾದದ್ದು ನನ್ನ ಬಾಲ್ಯದ ಒಂದು ಭಯ. ಸಂಜೆ ಕಳೆದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದೆಂದು ಅಜ್ಜಿ ಕಲಿಸಿದ್ದಳು. ಮನುಷ್ಯನಾದರೆ ಮತ್ತೆ ಕೂಗುತ್ತಾನೆ, ಮೂರನೆಯ ಸಲವೂ ಕೂಗುತ್ತಾನೆ. ದೆವ್ವಕ್ಕೆ ಒಂದೇ ಕೂಗು. ಓಗೊಟ್ಟರೆ ಹಿಡಿಯಿತು, ಓಗೊಡದಿದ್ದರೆ ಅದು ತನ್ನ ಪಾಡಿಗೆ ಮುಂದಿನ ಮನೆಗೆ ಹೋಯಿತು. ನಾನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆನೆಂದರೆ ನಮ್ಮಪ್ಪ ಹೊಲದಿಂದ ಬಂದು ಹೊರಗೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರು, ನಾನು ಒಳಗೆ ಬೆರಳು ಮಡಿಸಿ ಎಣಿಸುತ್ತಿದ್ದೆ. ಬಾಗಿಲು ತೆಗೆದ ಮೇಲೆ ಬೀಳುತ್ತಿದ್ದ ಏಟು ದೆವ್ವದ್ದಲ್ಲ.

ಮೇಷ್ಟ್ರು ಬರೆದ ಮಾತು ಮೂವರ ನಾಲಿಗೆಗೂ ಹತ್ತಲಿಲ್ಲ. “ಮಾತಾಗಿ ಬರಾಕಿಲ್ಲ ಕಣಪ್ಪ, ಆಡಾಗಾದ್ರೆ ಬತ್ತದೆ” ಎಂದು ತಾವೇ ಸೋಬಾನೆಯ ಧಾಟಿಗೆ ಕೂರಿಸಿಕೊಂಡರು. ಇಲ್ಲಿ ಒಂದು ಸಂಗತಿ ಹೇಳಬೇಕು. ಸೋಬಾನೆಯಲ್ಲಿ ಹೆಸರಿಗೆಂದು ಒಂದು ಜಾಗ ಖಾಲಿ ಇರುತ್ತದೆ. ಹಾಡು ಹಳೆಯದು, ಹಸೆಯ ಮೇಲೆ ಕುಳಿತವರು ಯಾರೋ ಅವರ ಹೆಸರನ್ನು ಅಲ್ಲಿ ಸೇರಿಸುವುದು ಪದ್ಧತಿ. ಆರತಿ ಹಿಡಿದು, ಮುಖ ನೋಡಿ, ಹೆಸರು ಸೇರಿಸಿ ಹಾಡಿದ ಮಾತು ಬರೀ ಹಾಡಲ್ಲ, ಹಾರೈಕೆ. ಅದು ಹುಸಿಯಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ.

ಅಭ್ಯಾಸದಲ್ಲೆಲ್ಲ ಸರಿಯಾಗಿಯೇ ಹಾಡಿದರು. ಪುಟ್ಟಸ್ವಾಮಿ ಗದ್ದೆಗೆ ನೀರು ಕಟ್ಟಿ ತಡವಾಗಿ ಬರುತ್ತಿದ್ದುದರಿಂದ ಖಾಲಿ ಮಣೆಯ ಮುಂದೆ ನಿಂತು ‘ಭೈರನಾಯಕ’ ಎನ್ನುತ್ತಿದ್ದರು. ಖಾಲಿ ಮಣೆಗೆ ಯಾವ ಹೆಸರಾದರೇನು?

ನಾಟಕದ ದಿನ ಬಂತು. ದೀಪ ಹತ್ತುವ ಹೊತ್ತಿಗೇ ಜನ ಚಾಪೆ ಹಾಸಿ ಜಾಗ ಹಿಡಿದಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಲಿಂಗಪ್ಪ, ಪಕ್ಕದಲ್ಲಿ ನೆಲದ ಮೇಲೆ ಕೆಂಪಮ್ಮ, ಅವಳ ಪಕ್ಕ ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ. ಮೊದಲ ಅಂಕದಲ್ಲೇ ಭೈರನಾಯಕ ಯುದ್ಧ ಗೆದ್ದು ಬಂದು ದಣಿದು ಬಂಡೆಯ ಮೇಲೆ ಕುಳಿತ. ಬಣ್ಣ, ಮೀಸೆ, ಕತ್ತಿ. ದೀಪದಲ್ಲಿ ನಿಜವಾಗಿಯೂ ದೊರೆಯ ಮಗನಂತೆ ಕಾಣುತ್ತಿದ್ದ. ಆ ಕಡೆಯಿಂದ ಮೂವರು ಗೋಣಿನಾರಿನ ತಲೆಯವರು ಬಂದರು. ಅಜ್ಜಿಯ ಕೈಯಲ್ಲಿ ಆರತಿ ತಟ್ಟೆ. ಮೇಷ್ಟ್ರು ತಟ್ಟೆಯ ಮಾತೇ ಎತ್ತಿರಲಿಲ್ಲ. ಬರಿಗೈಯಲ್ಲಿ ಹಾರೈಸಿ ಗೊತ್ತಿಲ್ಲದ ಅಜ್ಜಿ ಮನೆಯಿಂದ ತಾನೇ ತಂದಿದ್ದಳು.

ಹಾಡು ಎತ್ತಿದರು.

ಕರಿಯ ಕಂಬಳಿ ಹಾಸಿ ಬಿಳಿಯಕ್ಕಿ ಸುರಿದೀವಿ
ಏರಿ ಕೂರಯ್ಯ ಗದ್ದುಗೆಯ, ಪುಟ್ಟಸ್ವಾಮಿ
ಊರಿಗೆ ನೀನೇ ದೊರೆಯಯ್ಯ

ಪರದೆಯ ಮರೆಯಿಂದ ನಾನು ‘ಭೈರನಾಯಕ, ಭೈರನಾಯಕ’ ಎಂದು ಪಿಸುಗುಟ್ಟಿದೆ. ಎರಡನೆಯ ಸುತ್ತಿಗೂ ಪುಟ್ಟಸ್ವಾಮಿ ಎಂದೇ ಬಂತು. ಎದುರಿಗೆ ಆರತಿ ಇದೆ, ಆರತಿಯ ಬೆಳಕಿನಲ್ಲಿ ಅವನು ಹುಟ್ಟಿದಾಗಿನಿಂದ ತಾವು ಕಂಡ ಮುಖ ಇದೆ. ಎಷ್ಟೋ ಮದುವೆ ಹಾಡಿದ ನಾಲಿಗೆ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು.

ಜನ ಸಿಳ್ಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲಿಂಗಪ್ಪ. ಎದ್ದು ನಿಂತು ಟವಲು ಬೀಸಿದ. “ಆಗ್ಲಿ ಬುಡ್ರವ್ವ! ಆಗ್ಲಿ ನನ್ ತಮ್ಮ ದೊರೆ!”

ನಗದಿದ್ದವನು ಒಬ್ಬನೇ. ಪುಟ್ಟಸ್ವಾಮಿಯ ಮುಖವನ್ನು ನಾನು ಪಕ್ಕದಿಂದ ನೋಡುತ್ತಿದ್ದೆ. ಬಣ್ಣದ ಕೆಳಗೆ ಏನೋ ಸರಿದು ಹೋದಂತಾಯಿತು. ಮುಂದಿನ ಮಾತು ಅವನದು. ಅವನಿಗೆ ಬಾಯಿಪಾಠವಿತ್ತು. ಹೇಳಲಿಲ್ಲ. ನಾನು ಎತ್ತಿಕೊಟ್ಟರೂ ಕೇಳಿಸಿಕೊಳ್ಳಲಿಲ್ಲ. ಆರತಿಯನ್ನೇ ನೋಡುತ್ತಿದ್ದ. ಆಮೇಲೆ ನಾಟಕದಲ್ಲಿಲ್ಲದ ಒಂದು ಕೆಲಸ ಮಾಡಿದ. ಎದ್ದು ಬಂದು ಮೂವರ ಕಾಲಿಗೂ ನಮಸ್ಕಾರ ಮಾಡಿದ.

ಮುಂದಿನ ಅಂಕದಲ್ಲಿ ಅದೇ ಮುದುಕಿಯರು ಅವನಿಗೆ ಇನ್ನೊಂದು ಭವಿಷ್ಯ ನುಡಿಯುತ್ತಾರೆ. ಮೂಲದಲ್ಲಿ ಏನೋ ಕಾಡಿನ ಸಂಗತಿಯಂತೆ. ನಮ್ಮ ಕಡೆ ಕಾಡೆಲ್ಲಿ? ಮೇಷ್ಟ್ರು ಅದನ್ನು ‘ಕಬ್ಬಿನ ಗದ್ದೆ ಎದ್ದು ನಡೆದು ಬರುವ ತನಕ ನಿನಗೆ ಸೋಲಿಲ್ಲ’ ಎಂದು ತಿದ್ದಿದ್ದರು. ಆಗದ ಮಾತು ಎಂಬ ಅರ್ಥದಲ್ಲಿ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಮೇಷ್ಟ್ರೇ, ನಮ್ ಕಬ್ಬು ದಿನಾ ನಡೀತದೆ, ಫ್ಯಾಕ್ಟ್ರಿಗೆ!” ಮತ್ತೆ ನಗು. ಈಗಲೂ ಮದ್ದೂರಿನ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳ ಸಾಲು ಸಿಕ್ಕಿ ಬಸ್ಸು ನಿಂತರೆ, ಗಾಡಿ ಕಾಣದೆ ಬರೀ ಸೋಗೆ ತೂಗಾಡುತ್ತ ಮುಂದೆ ಬರುವುದನ್ನು ಕಂಡರೆ, ನನಗೆ ಆ ಕೂಗು ಕೇಳುತ್ತದೆ. ಆಗ ಬಸ್ಸಿನ ಮಂದಿಯೆಲ್ಲ ಹೊತ್ತಾಯಿತೆಂದು ಗೊಣಗುತ್ತಿರುತ್ತಾರೆ. ನಾನು ಸುಮ್ಮನೆ ಕಿಟಕಿಗೆ ತಲೆಯಾನಿಸಿ ಕೂರುತ್ತೇನೆ.

ನಾಟಕ ಮುಗಿದ ಮೇಲೆ ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡರು. “ಭೈರನಾಯಕ ಅನ್ನಿ ಅಂತ ಬಡ್ಕೊಂಡ್ನಲ್ಲಮ್ಮ!”

“ಎದುರ್ಗೆ ಪುಟ್ಟಸ್ವಾಮಿ ಕುಂತವ್ನೆ. ಅವನ್ ಮಕ ನೋಡ್ಕಂಡು ಬ್ಯಾರೇರ್ ಎಸ್ರ ಯಂಗ್ ಯೋಳ್ಳಪ್ಪ?” ಎಂದಳು ಅಜ್ಜಿ. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಊರಿನ ಮಟ್ಟಿಗೆ ಮುಗಿಯಲಿಲ್ಲ. ಬಣ್ಣ ತೊಳೆದರೂ ಮೂವರಿಗೂ ದೆವ್ವ ಅಂಟಿಕೊಂಡೇ ಇತ್ತು. ಮಾರನೆಯ ದಿನದಿಂದ ಒಬ್ಬೊಬ್ಬರೇ ಬರತೊಡಗಿದರು. “ನಿಂಗವ್ವ, ನನ್ ಎಮ್ಮೆ ಗಬ್ಬ ಕಟ್ತದಾ?” “ನನ್ ಮಗಳಿಗೆ ಈ ವರ್ಸ ಗಂಡು ಕೂಡ್ತದಾ?” ಅಜ್ಜಿ ಕೋಲು ಎತ್ತಿಕೊಂಡು ಅಟ್ಟಿದಳು. ಚಿಕ್ಕತಾಯಮ್ಮ ಮಾತ್ರ ಸ್ವಲ್ಪ ಸುಖಪಟ್ಟಳು. ಕಣ್ಣು ಅರೆಮುಚ್ಚಿ, ಎಲೆಯಡಿಕೆ ತಂದವರಿಗೆ ಮಾತ್ರ ಒಳ್ಳೆಯದಾಗುತ್ತದೆ ಎನ್ನುತ್ತಿದ್ದಳು. ಊರಿನವರು ಪುಟ್ಟಸ್ವಾಮಿಯನ್ನು ‘ದೊರೆ’ ಎಂದೇ ಕರೆಯತೊಡಗಿದರು. “ಏನ್ ದೊರೆ, ಗೊಬ್ರ ಒಡೆಯಾಕ್ ಒಂಟ್ಯಾ?” ಎಂದರೆ ಮೊದಮೊದಲು ನಗುತ್ತಿದ್ದ. ಆಮೇಲೆ ನಗುವುದು ಬಿಟ್ಟ. ಓಗೊಡುವುದು ಬಿಡಲಿಲ್ಲ.

ಡೈರಿ ಚುನಾವಣೆ ಹತ್ತಿರ ಬಂತು. ಪುಟ್ಟಸ್ವಾಮಿ ತಾನೂ ನಿಲ್ಲುತ್ತೇನೆಂದ.

ನಮ್ಮ ನಾಟಕದಲ್ಲಿ ಗಂಡನನ್ನು ಕೊಲೆಗೆ ದೂಡುವವಳು ಹೆಂಡತಿ. ನಿಜದಲ್ಲಿ ಜಯಮ್ಮ ಅಡ್ಡ ನಿಂತಳು. ನಮ್ಮ ಮನೆಯ ಜಗಲಿಗೆ ಬಂದು ಅಜ್ಜಿಯ ಮುಂದೆ ಕುಳಿತು ಅತ್ತಳು. “ಉಣ್ಣಾಕ್ ಇಟ್ಟ ಕೈಯ ಕಚ್ಚಬ್ಯಾಡ ಅಂದೆ ಕಣವ್ವ. ನಾನಾ ಕಚ್ತಿರೋನು, ದೊಡ್ಡೋರು ಮೂರ್ ಜನ ಯೋಳವ್ರೆ ಅಂತಾನೆ. ನೀವ್ ಬಂದು ಇಲ್ಲ ಅಂತ ಯೋಳಿ. ನಿಮ್ ಮಾತಾದ್ರೆ ಕೇಳ್ತಾನೆ.”

ಆ ಸಂಜೆಯೇ ಮೂವರೂ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು, ನಾಟಕದ ಪ್ರತಿಯಲ್ಲಿ ‘ಭೈರನಾಯಕ’ ಎಂದು ಬರೆದಿರುವುದನ್ನು ಓದಿ ತೋರಿಸಲು. ಪುಟ್ಟಸ್ವಾಮಿ ಚಾಪೆ ಹಾಸಿದ, ಕಾಫಿ ಕೊಡಿಸಿದ. ಅಜ್ಜಿ ಕಾಫಿ ಮುಟ್ಟಲಿಲ್ಲ.

“ನೋಡ್ಲಾ ಪುಟ್ಟ, ಅವತ್ತು ಬಾಯ್ತಪ್ಪಿ ನಿನ್ನೆಸ್ರು ಬಂತು. ಅದು ನಾಟ್ಕುದ್ ಮಾತು. ನಿಂಗಲ್ಲ ಯೋಳಿದ್ದು.”

“ನಾಟ್ಕುದ್ ಮಾತಾಗಿದ್ರೆ ನಾಟ್ಕುದ್ ಎಸ್ರೇ ಬರೋದು ದೊಡ್ಡವ್ವ. ನೀವ್ ಯೋಳಿದ್ದಲ್ಲ ಅದು. ನಿಮ್ ಬಾಯಲ್ಲಿ ಯೋಳ್ಸಿದ್ದು.”

“ಯಾರ್ಲಾ ಯೋಳ್ಸಿದ್ದು?”

“ಅದು ನಿಮ್ಗೂ ಗೊತ್ತಾಗಾಕಿಲ್ಲ, ನಂಗೂ ಗೊತ್ತಾಗಾಕಿಲ್ಲ.”

“ಅಂಗಾದ್ರೆ ಈಗ ಯೋಳ್ತೀನಿ ಕೇಳು, ನೀನು ದೊರೆ ಆಗಾಕಿಲ್ಲ. ಇದ್ನೂ ನಾನೇ ಯೋಳ್ತಿರೋದು. ನಂಬು.”

ಪುಟ್ಟಸ್ವಾಮಿ ಮುಗುಳ್ನಕ್ಕ. “ಈಗ ಕೈಯಾಗ್ ಆರತಿ ಇಲ್ವಲ್ಲ ದೊಡ್ಡವ್ವ.”

ಅಜ್ಜಿ ಕಾಫಿ ಲೋಟವನ್ನು ಆಚೆ ಸರಿಸಿದಳು. ಏಳುವಾಗ ಮಂಡಿ ಹಿಡಿದುಕೊಂಡು ನನ್ನ ಹೆಗಲಿಗೆ ಕೈ ಹಾಕಿದಳು. ಬೀದಿಗೆ ಬಂದ ಮೇಲೆ ಅಂದಳು: “ಕೂಗಿದ್ದು ನಾವೇ ಕಣ್ ಮಗ, ಇಲ್ಲ ಅನ್ನಾಕಿಲ್ಲ. ಓಗೊಟ್ಟೋನು ಅವ್ನು. ಎಸ್ಟ್ ವರ್ಸದಿಂದ ಬಾಗ್ಲಲ್ಲಿ ನಿಂತು ಕಾಯ್ತಿದ್ನೋ ಏನೋ.”

ಒಂದು ವೇಳೆ ಪುಟ್ಟಸ್ವಾಮಿ ಸುಮ್ಮನೆ ನಿಂತು ಸೋತಿದ್ದರೆ, ಅಥವಾ ಗೆದ್ದೇ ಇದ್ದರೆ, ಅಣ್ಣತಮ್ಮಂದಿರು ಒಂದು ತಿಂಗಳು ಮುಖ ತಿರುಗಿಸಿಕೊಂಡಿದ್ದು ಆಮೇಲೆ ಒಂದಾಗುತ್ತಿದ್ದರು. ನಮ್ಮಲ್ಲಿ ಅದು ಹೊಸದಲ್ಲ. ಆದರೆ ಲಿಂಗಪ್ಪನ ಎದುರು ಯಾರು ವೋಟು ಹಾಕುತ್ತಾರೆ? ಅವನ ಮೇಲೆ ಒಂದು ಬೆರಳೂ ತೋರಿಸುವಂತಿರಲಿಲ್ಲ. ಚುನಾವಣೆಗೆ ಸ್ವಲ್ಪ ಮುಂಚೆ ಊರಿನಲ್ಲಿ ಒಂದು ಮಾತು ಹುಟ್ಟಿತು. ಲಿಂಗಪ್ಪ ತನ್ನ ಮನೆಯ ಹಾಲಿಗೆ ನೀರು ಬೆರೆಸಿ, ಡೈರಿಯಲ್ಲಿ ಮಾತ್ರ ಗಟ್ಟಿ ಹಾಲೆಂದು ಬರೆಸಿಕೊಳ್ಳುತ್ತಾನೆ ಎಂದು. ಮಾತು ಎಲ್ಲಿ ಹುಟ್ಟಿತೆಂದು ಹುಡುಕಿದವರಿಗೆ ಅದು ಪುಟ್ಟಸ್ವಾಮಿಯ ಬಾಯಲ್ಲೇ ಸಿಕ್ಕಿತು. “ಒಂದೇ ಗೋಡೆ ನಮ್ದು. ನಾನ್ ನೋಡಿಲ್ವಾ?” ಎಂದನಂತೆ. ತಮ್ಮನೇ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಲಿಂಗಪ್ಪನದು ಹಸುಗಳು, ಎಮ್ಮೆಯ ಹಾಲಿಗಿಂತ ಹಸುವಿನ ಹಾಲು ತೆಳ್ಳಗಿರುತ್ತದೆ ಎಂಬುದನ್ನೂ ಜನ ಆ ವಾರ ಮರೆತರು.

ದಳವಾಯಿ ಕತ್ತಿ ಹಿಡಿದು ದೊರೆಯ ಕೋಣೆಗೆ ಹೋಗುವ ಅಂಕ ಬಂದಾಗ ನಮ್ಮ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದಿದ್ದರು. ಈ ಕೆಲಸವನ್ನು ಮಾತ್ರ ಹಗಲಿನಲ್ಲಿ, ಟೀ ಅಂಗಡಿಯ ಮುಂದೆ, ಎಲ್ಲರೂ ನಿಂತು ಕೇಳಿದರು.

ಲಿಂಗಪ್ಪ ಸೋತ. ಪುಟ್ಟಸ್ವಾಮಿ ಅಧ್ಯಕ್ಷನಾಗಿ ಆ ಕುರ್ಚಿಯಲ್ಲಿ ಕುಳಿತ. ಊರಿನವರು ಹಾರ ಹಾಕಿದರು.

ಅದಾದ ಮೇಲೆ ಒಂದು ಮಧ್ಯಾಹ್ನ ಕೆಂಪಮ್ಮ ನಮ್ಮ ಮನೆಗೆ ಬಂದಳು. ಬೈಯಲು ಬಂದಿದ್ದಾಳೆಂದು ಅಜ್ಜಿ ತಲೆ ತಗ್ಗಿಸಿ ಕುಳಿತಳು. ಕೆಂಪಮ್ಮ ಬೈಯಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅಜ್ಜಿಯ ಮೊರಕ್ಕೆ ಕೈ ಹಾಕಿ ತಾನೂ ಆರಿಸುತ್ತ, “ಒಂದ್ ಮಾತ್ ಯೋಳ್ತೀನಿ, ಯಾರ್ಗೂ ಯೋಳಬ್ಯಾಡಿ ಅಂದವ್ರೆ ನಮ್ಮೋರು” ಎಂದಳು.

“ಯೋಳವ್ವ.”

“ಈ ಸಲ ತಾವು ನಿಲ್ಲಾದೇ ಬ್ಯಾಡ ಅಂತಿದ್ರು. ನಾಟ್ಕಕ್ಕೂ ಮುಂಚೆನೇ. ಪುಟ್ಟನ್ನೇ ಕೂರುಸ್ತೀನಿ, ನಂಗ್ ವಯಸ್ಸಾಯ್ತು ಅಂತ. ಅವ್ನಿಗೆ ಯೋಳಾಕೆ ಒಂದ್ ಒಳ್ಳೆ ದಿನ ನೋಡ್ತಿದ್ರು. ಕಳ್ಳ ಅನ್ನುಸ್ಕಂಡ್ ಮ್ಯಾಲೆ ನಿಲ್ಲಲೇಬೇಕಾಯ್ತು.”

ಅಂದರೆ ಮೂವರ ಮಾತು ಹುಸಿಯೇನೂ ಆಗಿರಲಿಲ್ಲ. ಪುಟ್ಟಸ್ವಾಮಿ ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಗದ್ದುಗೆ ತಾನಾಗಿ ಅವನ ಬಳಿಗೆ ನಡೆದು ಬರುತ್ತಿತ್ತು, ಅಣ್ಣನ ಕೈ ಹಿಡಿದುಕೊಂಡು. ಹಾರೈಕೆಯಲ್ಲಿ ತಪ್ಪಿರಲಿಲ್ಲ. ಆ ಕಡಲಾಚೆಯ ನಾಟಕದಲ್ಲೂ ಮುದುಕಿಯರು ಸುಳ್ಳನ್ನೇನೂ ಹೇಳುವುದಿಲ್ಲ. ದೊರೆಯಾಗುತ್ತೀಯ ಎಂದರು, ಹೇಗೆ ಎನ್ನಲಿಲ್ಲ. ಆ ‘ಹೇಗೆ’ ಎಂಬಷ್ಟು ಜಾಗ ಬಿಟ್ಟರು ನೋಡಿ, ಮನುಷ್ಯ ತನ್ನನ್ನು ತಾನು ತೋರಿಸಿಕೊಳ್ಳಲು ಅಷ್ಟು ಸಾಕು. ದೆವ್ವಗಳಿಗೆ ಏನು ಬಂತು ಎಂದು ಅಜ್ಜಿ ಕೇಳಿದ್ದಳು. ಅವುಗಳಿಗೆ ಏನೂ ಬರಲಿಲ್ಲ. ನಮ್ಮ ಮೂವರಿಗೂ ಏನೂ ಬರಲಿಲ್ಲ. ಚಿಕ್ಕತಾಯಮ್ಮನಿಗೆ ಬಂದಿದ್ದ ಎಲೆಯಡಿಕೆಯನ್ನು ಅವಳು ತಿಪ್ಪೆಗೆ ಎಸೆದಳು.

ಕೆಂಪಮ್ಮನ ಮಾತನ್ನು ಅಜ್ಜಿ ಮುಚ್ಚಿಟ್ಟುಕೊಳ್ಳಲಿಲ್ಲ. ಯಾರಿಗೂ ಹೇಳಬೇಡಿ ಎಂದಿದ್ದರೂ ಒಬ್ಬನಿಗೆ ಹೇಳಿದಳು. ಪುಟ್ಟಸ್ವಾಮಿಯ ಮನೆಗೆ ಒಬ್ಬಳೇ ಹೋಗಿ, ಬಾಗಿಲಲ್ಲೇ ನಿಂತು ಹೇಳಿ ಬಂದಳು. “ಏನಂದ?” ಎಂದು ನಾನು ಕೇಳಿದೆ. “ಹೊಸ್ತಿಲ ಮ್ಯಾಲೆ ಕುಂತ್ಬುಟ್ಟ” ಎಂದಳು.

ಲಿಂಗಪ್ಪ ಮಾತ್ರ ಡೈರಿಗೆ ಬರುವುದನ್ನು ನಿಲ್ಲಿಸಲಿಲ್ಲ. ದಿನವೂ ಎರಡು ಹೊತ್ತು ಕ್ಯಾನು ಹಿಡಿದು ಎಲ್ಲರ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದ. ತನ್ನ ಸರದಿ ಬಂದಾಗ ಹಾಲು ಅಳೆಯುವ ಸೆಕ್ರೆಟರಿಗೆ “ಎಲ್ರಿಗೂ ಕಾಣಂಗೆ ನೋಡಪ್ಪ” ಎನ್ನುತ್ತಿದ್ದ. ಸೆಕ್ರೆಟರಿ ನೀರು ಬೆರೆತಿದ್ದರೆ ತೋರಿಸುವ ಮಾಪನದ ಕಡ್ಡಿಯನ್ನು ಹಾಲಿನಲ್ಲಿ ತೇಲಿಬಿಟ್ಟು, ಎಷ್ಟು ತೋರಿಸಿತೆಂದು ಓದಿ ಹೇಳುವ ತನಕ ಅಲ್ಲಾಡುತ್ತಿರಲಿಲ್ಲ. ಕುರ್ಚಿಯ ಕಡೆ ಒಂದು ಸಲವೂ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತವನು ನೆಲ ನೋಡುತ್ತಿದ್ದ.

ರಜೆ ಮುಗಿಸಿ ನಾನು ಯಲಿಯೂರಿಗೆ ಬಂದೆ. ಮಿಕ್ಕಿದ್ದನ್ನು ಅಜ್ಜಿ ಹೇಳಿದಳು, ಅವಳು ಕಡೆಯ ಸಲ ನಮ್ಮ ಮನೆಗೆ ಬಂದು ಉಳಿದಿದ್ದಾಗ. ಆ ಟ್ರಂಕು ಆಗ ಬಂದದ್ದು. ಅವಳು ಈಗಿಲ್ಲ. ಸವಿತಳಿಗೆ ನಾನು ಹೇಳಿದ್ದೂ ಅಜ್ಜಿ ಹೇಳಿದ ಹಾಗೆಯೇ.

ಬೇಸಿಗೆ ಕಳೆದು ಸ್ವಲ್ಪ ದಿನಕ್ಕೆ ಲಿಂಗಪ್ಪ ಹಸುಗಳನ್ನೆಲ್ಲ ಮಾರಿಬಿಟ್ಟ. ಹಸು ಇಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಡೈರಿ ಇಲ್ಲ. ಮಳವಳ್ಳಿಯ ಕಡೆಯ ವ್ಯಾಪಾರಿ ಬಂದು ಹೊಡೆದುಕೊಂಡು ಹೋದ. ಕೆಂಪಮ್ಮ ಖಾಲಿ ಕೊಟ್ಟಿಗೆ ಗುಡಿಸಿ ಸೌದೆ ಒಟ್ಟಿದಳು.

ಪುಟ್ಟಸ್ವಾಮಿ ಆ ದಿನ ಡೈರಿಯ ಬೀಗದ ಕೈ ಸೆಕ್ರೆಟರಿಗೆ ಕೊಟ್ಟು ಮಳವಳ್ಳಿಗೆ ಹೋದ. ಹೋಗಿದ್ದವನು ಎರಡು ದಿನ ಬರಲಿಲ್ಲ. ಬಂದಾಗ ಗೂಡ್ಸ್ ಆಟೋದಲ್ಲಿ ಒಂದು ಹಸು ಇತ್ತು. ಅಣ್ಣನ ಹಸುಗಳಲ್ಲಿ ಹಳೆಯದು, ಕಂದು ಬಣ್ಣದ್ದು. ಉಳಿದವು ಆಗಲೇ ಯಾರ್ಯಾರ ಪಾಲೋ ಆಗಿದ್ದವು. ಅದನ್ನು ಲಿಂಗಪ್ಪನ ಬಾಗಿಲ ಮುಂದಿನ ಗೂಟಕ್ಕೆ ಕಟ್ಟಿ, ಬಾಗಿಲು ತಟ್ಟದೆ, ತನ್ನ ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಬೆಳಗ್ಗೆ ಜಯಮ್ಮ ಬಾಗಿಲು ತೆಗೆದಾಗ ಹಸು ಲಿಂಗಪ್ಪನ ಗೂಟದಲ್ಲಿರಲಿಲ್ಲ, ಇವರ ಬಾಗಿಲ ಮುಂದೆ ಕಟ್ಟಿತ್ತು. ಮೈ ತೊಳೆದಿತ್ತು. ಮುಂದೆ ಒಂದು ಹೊರೆ ಹಸಿಹುಲ್ಲು ಹಾಕಿತ್ತು. ಹಾಲು ಕರೆದಿತ್ತು. ಕರೆದ ಹಾಲು ಕ್ಯಾನಿನಲ್ಲಿ, ಮುಚ್ಚಳ ಹಾಕಿ, ಹೊಸ್ತಿಲ ಪಕ್ಕ ಇಟ್ಟಿತ್ತು. ಕ್ಯಾನು ಲಿಂಗಪ್ಪನದು. ಜಯಮ್ಮ ಗಂಡನನ್ನು ಎಬ್ಬಿಸಿದಳು.

ಪುಟ್ಟಸ್ವಾಮಿ ಹೊರಗೆ ಬಂದು ನೋಡಿದ. ಮುಖಕ್ಕೆ ನೀರೂ ಹಾಕಿಕೊಳ್ಳದೆ ಕ್ಯಾನು ಎತ್ತಿಕೊಂಡು ಡೈರಿಗೆ ನಡೆದ. ಒಳಗೆ ಹೋಗಿ ಕೂರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತ. ಮುಂದಿದ್ದವರು ಜಾಗ ಬಿಟ್ಟರೂ ಮುಂದೆ ಹೋಗಲಿಲ್ಲ. ಸರದಿ ಬಂದಾಗ ಕ್ಯಾನು ಮೇಲಿಟ್ಟು, “ಎಲ್ರಿಗೂ ಕಾಣಂಗೆ ನೋಡಪ್ಪ” ಎಂದ.

ಸೆಕ್ರೆಟರಿ ನೋಡಿದ. ಗಟ್ಟಿ ಹಾಲು.

“ಯಾರ್ದು ಬರ್ಕಳ್ಳಿ ಅಧ್ಯಕ್ಷರೇ?” ಎಂದ.

“ಅಣ್ಣಂದು” ಎಂದ ಪುಟ್ಟಸ್ವಾಮಿ.